‘ದೋಸೆ ಬ್ಯಾಡ, ಗೀಸೆ ಕೊಡು’: ಪುಟ್ಟ ಮಕ್ಕಳ ಮಾತನ್ನು ಬರೆದಿಡುವ ಬಗೆ

ದಾವಣಗೆರೆ, ಚಿತ್ರದುರ್ಗ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ‘ಮಗು ದಿನವಿಡೀ ಏನೇನೋ ಮಾತಾಡಿ ನಗಿಸುತ್ತೆ. ರಾತ್ರಿ ಬರೆಯೋಕೆ ಕೂತರೆ ಒಂದೂ ನೆನಪಿರಲ್ಲ. ಫೋನ್ ಹಿಡಿದರೆ ಬಾಯಿ ಮುಚ್ಚಿಬಿಡುತ್ತೆ. ಏನು ಮಾಡೋದು?’ ಎರಡು ವರ್ಷದಿಂದ ಆರು ವರ್ಷದೊಳಗಿನ ಮಗು ಮನೆಯಲ್ಲಿರುವ ಅಪ್ಪ ಅಮ್ಮ, ಅಜ್ಜ ಅಜ್ಜಿ, ಅಂಗನವಾಡಿ ಶಿಕ್ಷಕಿಯರು ಎಲ್ಲರಿಗೂ ಆಗುವಂತೆ ಕ್ರಮವಾಗಿ ಬರೆದಿದ್ದೇವೆ.

ಮೊದಲೇ ಒಂದು ಮಾತು ಮನಸ್ಸಿನಲ್ಲಿರಲಿ. ಮಗುವಿನ ಮಾತಿನ ಸ್ವಾರಸ್ಯವೆಲ್ಲ ಅದು ಬಳಸಿದ ಪದಗಳಲ್ಲೇ ಇರುತ್ತದೆ. ಪದ ಬಿಟ್ಟು ಸಾರಾಂಶ ಬರೆದರೆ ಕೈಗೆ ಏನೂ ಸಿಗುವುದಿಲ್ಲ. ಚಾರ್ಲ್ಸ್ ಡಾರ್ವಿನ್ ತನ್ನ ಹಿರಿಯ ಮಗನ ಬಗ್ಗೆ ಟಿಪ್ಪಣಿ ಮಾಡಿಟ್ಟು, 37 ವರ್ಷಗಳ ಮೇಲೆ 1877ರಲ್ಲಿ ಅದನ್ನು ಪ್ರಕಟಿಸಿದ. ಒಂದು ವರ್ಷ ತುಂಬಿದ ಆ ಹುಡುಗ ಊಟಕ್ಕೆ ತಾನೇ ‘ಮಮ್’ ಎಂಬ ಹೆಸರು ಕಟ್ಟಿಕೊಂಡಿದ್ದ. ಸಕ್ಕರೆಗೆ ‘ಶು-ಮಮ್’. ‘ಬ್ಲ್ಯಾಕ್’ ಎಂಬ ಪದ ಕಲಿತ ಮೇಲೆ ಕಪ್ಪಗಿರುವ ಜ್ಯೇಷ್ಠಮಧುವಿನ ಮಿಠಾಯಿಗೆ ‘ಬ್ಲ್ಯಾಕ್-ಶು-ಮಮ್’. ನಮ್ಮ ಮನೆಗಳ ‘ಮಮ್ಮು’ ನೆನಪಾಗುತ್ತದಲ್ಲವೇ? ಡಾರ್ವಿನ್ ‘ಮಗ ಸಿಹಿತಿಂಡಿಗೆ ತಮಾಷೆಯ ಹೆಸರಿಟ್ಟ’ ಎಂದಷ್ಟೇ ಗೀಚಿದ್ದರೆ ಇದು ಇಂದು ನಮಗೆ ಗೊತ್ತೇ ಆಗುತ್ತಿರಲಿಲ್ಲ.

1. ಬೇಕಾಗುವ ಸಾಮಾನು

200 ಪುಟದ ಗಟ್ಟಿ ಬೈಂಡಿನ ಒಂದು ನೋಟ್‌ಬುಕ್. ಮಗು ಇಬ್ಬರಿದ್ದರೆ ಎರಡು, ಒಂದರಲ್ಲೇ ಇಬ್ಬರದ್ದೂ ಬೆರೆಸಬೇಡಿ. ಬಾಲ್ ಪೆನ್ ಸಾಕು. ಜೆಲ್ ಪೆನ್ನಿನ ಶಾಯಿ ನೀರು ತಾಗಿದರೆ ಹರಡುತ್ತದೆ, ಮಕ್ಕಳಿರುವ ಮನೆಯಲ್ಲಿ ನೀರು ತಾಗದೆ ಇರದು. ಹಳೇ ಕ್ಯಾಲೆಂಡರಿನ ಹಾಳೆ ಕತ್ತರಿಸಿ ಅಂಗೈಯಗಲದ ಚೀಟಿಗಳನ್ನು ಮಾಡಿ, ಅಡುಗೆಮನೆಯಲ್ಲೊಂದು, ಮಲಗುವ ಕೋಣೆಯಲ್ಲೊಂದು ಕಟ್ಟು ಇಡಿ. ಪೆನ್ಸಿಲ್ಲಿಗೆ ದಾರ ಕಟ್ಟಿ ಮೊಳೆಗೆ ನೇತುಹಾಕಿ. ಪೆನ್ಸಿಲ್ ಹುಡುಕುವಷ್ಟರಲ್ಲಿ ಮಾತು ಮರೆತಿರುತ್ತದೆ.

2. ಕಿವಿ ಕೊಡಬೇಕಾದ ಹೊತ್ತು

ದಿನವಿಡೀ ಹಿಂದೆ ಬೀಳಬೇಕಿಲ್ಲ. ಮಾತು ತಾನಾಗಿ ಉಕ್ಕುವ ಹೊತ್ತುಗಳು ಕೆಲವೇ: ಸ್ನಾನ ಮಾಡಿಸುವಾಗ, ಊಟ ಮಾಡಿಸುವಾಗ, ಬಸ್ಸು ಬೈಕಿನಲ್ಲಿ ಹೋಗುವಾಗ, ದೀಪ ಆರಿಸಿ ಮಲಗಿಸಿದ ಮೇಲೆ. ಇವುಗಳಲ್ಲೆಲ್ಲ ಮಗುವಿಗೆ ಬೇರೆ ಕೆಲಸವಿಲ್ಲ, ದೊಡ್ಡವರು ಪಕ್ಕದಲ್ಲೇ ಇರುತ್ತಾರೆ.

ಇನ್ನೆರಡು ಸಂದರ್ಭಗಳನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಒಂದು, ಮಗು ಒಬ್ಬಂಟಿಯಾಗಿ ಆಡುತ್ತ ತನ್ನಷ್ಟಕ್ಕೆ ಗುನುಗುವ ಮಾತು. ಇದಕ್ಕೆ ಮನಶ್ಶಾಸ್ತ್ರದಲ್ಲಿ ‘ಸ್ವಗತ’ ಎನ್ನುತ್ತಾರೆ, ಅಂದರೆ ಬೇರೆಯವರಿಗೆ ಹೇಳದೆ ತನಗೇ ಹೇಳಿಕೊಳ್ಳುವುದು. ‘ಈಗ ಇದ್ನ ಇಲ್ಲಿಡಾದು... ಬೀಳಬ್ಯಾಡ ನೀನು... ಜಾಣ’ ಎಂದು ಡಬ್ಬಿಯ ಮೇಲೆ ಡಬ್ಬಿ ಪೇರಿಸುತ್ತಿದ್ದರೆ ಆತಂಕಪಡಬೇಕಾದ್ದಿಲ್ಲ. ಮಗು ಮಾತಿನ ಬಲದಿಂದ ಕೆಲಸ ಮಾಡುತ್ತಿದೆ. ಎರಡನೆಯದು, ಇಬ್ಬರು ಮಕ್ಕಳು ಆಟ ಕಟ್ಟುವಾಗಿನ ಮಾತು. ಅದಕ್ಕೆ ಮುಂದೆ ಒಂದು ಹಂತವನ್ನೇ ಮೀಸಲಿಟ್ಟಿದ್ದೇವೆ.

3. ಒಂದು ದಾಖಲೆ ಬರೆಯುವ ಕ್ರಮ

ಕೇಳಿದ ಕೂಡಲೇ ಚೀಟಿಯಲ್ಲಿ ಮಗುವಿನ ಬಾಯಿಂದ ಬಂದ ವಾಕ್ಯವೊಂದನ್ನೇ ಗೀಚಿಕೊಳ್ಳಿ. ಪೂರ್ತಿ ಆಗದಿದ್ದರೆ ಅದರ ಮೂರು ಮುಖ್ಯ ಪದ. ಉಳಿದದ್ದನ್ನು ಅದೇ ರಾತ್ರಿ ತುಂಬಬಹುದು. ಸಂದರ್ಭ ಸಂಜೆವರೆಗೂ ನೆನಪಿರುತ್ತದೆ, ಪದಗಳು ಐದು ನಿಮಿಷವೂ ಇರುವುದಿಲ್ಲ. ಬಹಳ ಜನ ಇದನ್ನು ತಿರುವುಮುರುವು ಮಾಡುತ್ತಾರೆ: ಮೊದಲು ‘ಇವತ್ತು ನಾವು ಮಾವನ ಮನೆಗೆ ಹೊರಟಿದ್ದಾಗ...’ ಎಂದು ಪೀಠಿಕೆ ಬರೆದು ಮಾತಿಗೆ ಬರುವಷ್ಟರಲ್ಲಿ ಅದು ದೊಡ್ಡವರ ಕನ್ನಡ ಆಗಿಬಿಟ್ಟಿರುತ್ತದೆ.

ನೋಟ್‌ಬುಕ್ಕಿಗೆ ಇಳಿಸುವಾಗ ನಾಲ್ಕು ಸಂಗತಿ ಇರಬೇಕು: ತಾರೀಖು, ಮಗುವಿನ ವಯಸ್ಸು, ಎಲ್ಲಿ ಏನು ನಡೆಯುತ್ತಿತ್ತು, ಯಾರು ಏನಂದರು. ಮಗುವಿನ ಮಾತಿಗೆ ಮುಂಚೆ ದೊಡ್ಡವರು ಆಡಿದ ಮಾತನ್ನೂ ಬರೆಯಲೇಬೇಕು. ಅದಿಲ್ಲದಿದ್ದರೆ ಎಷ್ಟೋ ಮಾತು ವರ್ಷ ಕಳೆದ ಮೇಲೆ ಅರ್ಥವೇ ಆಗದು.

ವಯಸ್ಸನ್ನು ವರ್ಷ ಮತ್ತು ತಿಂಗಳಲ್ಲಿ ಬರೆಯಿರಿ. ಮಕ್ಕಳ ಭಾಷೆ ಅಭ್ಯಾಸ ಮಾಡುವವರು 3;4 ಎಂದು ಗುರುತು ಹಾಕುತ್ತಾರೆ, ಅಂದರೆ ಮೂರು ವರ್ಷ ನಾಲ್ಕು ತಿಂಗಳು. ನಡುವೆ ಚುಕ್ಕಿ ಇಡಬೇಡಿ, 3.4 ಎಂದರೆ ದಶಮಾಂಶ ಎನಿಸುತ್ತದೆ. ಎರಡರಿಂದ ನಾಲ್ಕು ವರ್ಷದ ನಡುವೆ ಮಾತು ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಬರೀ ‘3 ವರ್ಷ’ ಎಂದರೆ ಸಾಲದು.

ಒಂದೇ ಪ್ರಸಂಗವನ್ನು ಎರಡು ರೀತಿ ಬರೆದು ತೋರಿಸುತ್ತೇವೆ. ಕೆಟ್ಟ ದಾಖಲೆ ಹೀಗಿರುತ್ತದೆ:

‘ಇವತ್ತು ಪುಟ್ಟಿ ಗಾಳಿಯಂತ್ರ ನೋಡಿ ಫ್ಯಾನ್ ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕೆವು.’

ಒಳ್ಳೆಯ ದಾಖಲೆ:

‘ವಯಸ್ಸು 3;4. ಸಂಜೆ, ಬಸ್ಸಿನಲ್ಲಿ ಚಿತ್ರದುರ್ಗಕ್ಕೆ. ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗದೆ ನಿಂತಿವೆ.
ಪುಟ್ಟಿ: ಫ್ಯಾನ್ ಯಾಲು ಆಫ್ ಮಾಡಿದ್ದು?
ಅಮ್ಮ: ಗಾಳಿ ಇಲ್ವಲ್ಲ, ಅದ್ಕೇ ನಿಂತೈತೆ.
ಪುಟ್ಟಿ: ಫ್ಯಾನ್ ಹಾಕಿದ್ಲೆ ಗಾಳಿ ಬಲ್ತೈತೆ.
(ಅಮ್ಮ ಸುಮ್ಮನಿದ್ದಳು.)
ಪುಟ್ಟಿ: ಹಾಕು ಅಮ್ಮ, ಗುಡ್ಡಕ್ಕೆ ಸೆಕೆ ಆಗ್ತೈತೆ.’

ಮೊದಲನೆಯದರಲ್ಲಿ ಸಿಕ್ಕಿದ್ದು ಒಂದು ಪದ ಮಾತ್ರ. ಎರಡನೆಯದರಲ್ಲಿ ಮಗುವಿನ ತರ್ಕ ಪೂರ್ತಿ ಕಾಣುತ್ತದೆ: ಮನೆಯಲ್ಲಿ ಫ್ಯಾನ್ ತಿರುಗಿದರೆ ಗಾಳಿ, ಆದ್ದರಿಂದ ಗುಡ್ಡದಲ್ಲೂ ಹಾಗೇ. ತನ್ನ ಅನುಭವದ ಮಟ್ಟಿಗೆ ಅವಳು ಹೇಳಿದ್ದು ಸರಿಯಾಗಿಯೇ ಇದೆ. ಗುಡ್ಡಕ್ಕೂ ಸೆಕೆಯಾಗುತ್ತದೆ ಎಂಬುದಕ್ಕೆ ‘ಜೀವಾರೋಪ’ ಎಂದು ಹೆಸರು. ಜೀವವಿಲ್ಲದ್ದಕ್ಕೆ ನೋವು, ಹಸಿವು, ಇಷ್ಟಾನಿಷ್ಟಗಳಿವೆ ಎಂದು ಭಾವಿಸುವುದು. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಝಾನ್ ಪಿಯಾಜೆ ಸೂರ್ಯ, ಚಂದ್ರ, ಮೋಡಗಳ ಬಗ್ಗೆ ಮಕ್ಕಳನ್ನು ಕೇಳಿ ಕೇಳಿ ಇದನ್ನು ವಿವರವಾಗಿ ದಾಖಲಿಸಿದರು. ‘ಚಂದಮಾಮ ನಮ್ಮ ಬೈಕ್ ಹಿಂದೇನೇ ಬರ್ತಾನೆ’ ಎಂಬ ಮಾತು ನಿಮ್ಮ ಮನೆಯಲ್ಲೂ ಕೇಳಿಬಂದೀತು, ಕಾದಿರಿ.

ಆವರಣದೊಳಗಿನ ‘ಅಮ್ಮ ಸುಮ್ಮನಿದ್ದಳು’ ಎಂಬುದನ್ನೂ ಗಮನಿಸಿ. ಆ ಮೌನ ಇಲ್ಲದಿದ್ದರೆ ಕೊನೆಯ ಸಾಲು ಬರುತ್ತಿರಲಿಲ್ಲ. ನಕ್ಕಿದ್ದು, ಸುಮ್ಮನಿದ್ದದ್ದು, ಮಗು ಕೈ ತೋರಿಸಿದ್ದು ಇವೆಲ್ಲ ಆವರಣದಲ್ಲಿರಲಿ. ‘ಎಷ್ಟು ಮುದ್ದು’, ‘ತುಂಬಾ ಜಾಣೆ’ ಎಂಬ ಹೊಗಳಿಕೆ ಬೇಡ.

4. ಕೇಳಿದಂತೆ ಬರೆಯುವುದು

ಈ ವಿಷಯದಲ್ಲಿ ಕನ್ನಡ ಲಿಪಿ ನಮಗೆ ದೊಡ್ಡ ಅನುಕೂಲ. ಉಚ್ಚರಿಸಿದ್ದನ್ನು ಹಾಗೇ ಬರೆಯಬಹುದು. ಪುಟ್ಟ ಮಕ್ಕಳಲ್ಲಿ ಸಾಮಾನ್ಯವಾಗಿ ‘ರ’ಕಾರ ‘ಲ’ ಅಥವಾ ‘ಯ’ ಆಗುತ್ತದೆ (ರೊಟ್ಟಿ – ಲೊಟ್ಟಿ), ‘ಳ’ಕಾರ ‘ಲ’ ಆಗುತ್ತದೆ, ‘ಸ’ಕಾರ ‘ಚ’ ಅಥವಾ ‘ತ’ ಆಗುತ್ತದೆ, ‘ಕ’ಕಾರ ‘ತ’ ಆಗುವುದೂ ಉಂಟು. ಒತ್ತಕ್ಷರ ಸವೆದು ‘ಕುರ್ಚಿ’ ‘ಕುಚ್ಚಿ’ ಆಗುತ್ತದೆ. ಎಳೆದು ಹೇಳಿದರೆ ಅವಗ್ರಹ ಹಾಕಿ: ‘ಬಾಽಽ’. ಅರ್ಧ ಕೇಳಿಸಿದ ಸ್ವರವನ್ನು ಬಿಟ್ಟೇ ಬರೆಯಿರಿ: ‘ಬಂದ್ಲು’, ‘ಹೋಯ್ತು’.

ನಮ್ಮ ಕಡೆಯ ‘ಐತೆ’, ‘ಬ್ಯಾಡ’, ‘ಮ್ಯಾಲೆ’, ‘ಹೋಗಾನ’ ಇವನ್ನು ಪುಸ್ತಕದ ಕನ್ನಡಕ್ಕೆ ತಿದ್ದಿದಿರೋ, ಅದು ನಿಮ್ಮ ಮಗುವಿನ ಮಾತಾಗಿ ಉಳಿಯುವುದಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮನೆಯಲ್ಲಿ ತೆಲುಗು ಇರಬಹುದು, ದಾವಣಗೆರೆಯಲ್ಲಿ ಉರ್ದುವೋ ಮರಾಠಿಯೋ ಇರಬಹುದು, ತಾಂಡಾಗಳಲ್ಲಿ ಲಂಬಾಣಿ. ಮಗು ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸಿದರೆ ಬೆರೆಸಿದ ಹಾಗೇ ಕನ್ನಡ ಲಿಪಿಯಲ್ಲಿ ಬರೆದು, ಅರ್ಥವನ್ನು ಅಂಚಿನಲ್ಲಿ ಹಾಕಿ. ಬೆರಕೆ ಮಾತು ಗೊಂದಲದ ಲಕ್ಷಣವಲ್ಲ, ಎರಡು ಭಾಷೆಯ ಮನೆಯಲ್ಲಿ ಬೆಳೆಯುವ ಮಕ್ಕಳೆಲ್ಲ ಹಾಗೆ ಆಡುತ್ತಾರೆ.

ಫೋನಿನಲ್ಲಿ ಬರೆಯುವವರು ಕೀಬೋರ್ಡಿನ ಸ್ವಯಂ-ತಿದ್ದುಪಡಿಯನ್ನು ಆಫ್ ಮಾಡಿ. ಧ್ವನಿಯಿಂದ ಟೈಪ್ ಮಾಡುವ ಸೌಲಭ್ಯ ಈ ಕೆಲಸಕ್ಕೆ ಒಗ್ಗದು, ‘ಲೊಟ್ಟಿ’ಯನ್ನು ಅದು ‘ರೊಟ್ಟಿ’ ಮಾಡಿ ಕೂರಿಸುತ್ತದೆ. ಬರೆದದ್ದು ಸರಿಯೋ ಎಂದು ನೋಡಲು ಮನೆಯ ಇನ್ನೊಬ್ಬರಿಗೆ ಕೊಟ್ಟು ಜೋರಾಗಿ ಓದಿಸಿ. ಕಿವಿಗೆ ಮಗುವಿನ ಮಾತಿನಂತೆ ಕೇಳಿಸಿದರೆ ಸರಿ.

5. ತಪ್ಪುಗಳನ್ನು ಕಾಪಾಡುವುದು

ಹೆಚ್ಚಿನವರು ಎಡವುವ ಜಾಗ ಇದು. ‘ನಾನು ಅಜ್ಜಿಗೆ ಕೊಡ್ದೆ’ ಎಂದು ಮಗು ಹೇಳಿದ್ದನ್ನು ಕೈ ತಾನಾಗಿ ‘ಕೊಟ್ಟೆ’ ಎಂದು ಬರೆದುಬಿಡುತ್ತದೆ. ಮಾಡ್ದೆ, ಓಡ್ದೆ, ನೋಡ್ದೆ ಎಂಬುದನ್ನೆಲ್ಲ ಕೇಳಿಸಿಕೊಂಡ ಮಗು ಒಂದು ನಿಯಮ ಕಂಡುಕೊಂಡಿದೆ, ಅದನ್ನೇ ಕೊಡು, ಇಡು, ಬೀಳು, ತರು ಎಂಬುವಕ್ಕೂ ಹಚ್ಚಿ ಕೊಡ್ದೆ, ಇಡ್ದೆ, ಬೀಳ್ದೆ, ತರ್ದೆ ಎನ್ನುತ್ತಿದೆ. ಇದಕ್ಕೆ ‘ಅತಿ ಸಾಮಾನ್ಯೀಕರಣ’ ಎನ್ನುತ್ತಾರೆ: ಕಲಿತ ನಿಯಮವನ್ನು ಒಪ್ಪದ ಕಡೆಗೂ ವಿಸ್ತರಿಸುವುದು. ಮನೆಯಲ್ಲಿ ಯಾರೂ ‘ಕೊಡ್ದೆ’ ಎನ್ನುವುದಿಲ್ಲ, ಹಾಗಾಗಿ ಮಗು ಇದನ್ನು ಕೇಳಿ ಕಲಿತದ್ದಲ್ಲ, ತಾನೇ ಕಟ್ಟಿದ್ದು. ಮುಂಚೆ ‘ಕೊಟ್ಟೆ’ ಎಂದು ಸರಿಯಾಗಿ ಹೇಳುತ್ತಿದ್ದ ಮಗು ನಡುವೆ ‘ಕೊಡ್ದೆ’ಗೆ ಹೋಗಿ, ಮತ್ತೆ ‘ಕೊಟ್ಟೆ’ಗೆ ಬರುವುದುಂಟು. ಹಿಂದೆ ಬಿತ್ತೆಂದು ಹೆದರಬೇಡಿ. ಮೂರೂ ಘಟ್ಟಗಳ ತಾರೀಖು ಪುಸ್ತಕದಲ್ಲಿದ್ದರೆ ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ಕಾಲದ ಪದಗಳನ್ನೂ ಹಾಗೇ ಇಡಿ. ಕಳೆದ ದೀಪಾವಳಿಯೂ ‘ನಿನ್ನೆ’, ಬರುವ ಜಾತ್ರೆಯೂ ‘ನಾಳೆ’. ‘ಅಜ್ಜಿ, ನೀನು ಸಣ್ಣಾಕಿ ಆದ ಮ್ಯಾಲೆ ನಾನು ನಿನ್ನ ಎತ್ಕೊಂತೀನಿ’ ಎಂಬ ಬಗೆಯ ಮಾತಿನಲ್ಲಿ, ದೊಡ್ಡವರು ತಿರುಗಿ ಸಣ್ಣವರಾಗುತ್ತಾರೆ ಎಂಬ ಒಂದು ಇಡೀ ಲೋಕದೃಷ್ಟಿಯೇ ಇದೆ.

ಜೋಡುನುಡಿಗಳ ಮೇಲೂ ಕಣ್ಣಿಡಿ. ನಾವು ಯೋಚಿಸದೇ ‘ದೋಸೆ-ಗೀಸೆ ತಿಂತೀಯಾ?’ ಎನ್ನುತ್ತೇವೆ. ಬೆಣ್ಣೆ ದೋಸೆಯ ಊರಿನ ಮಗು ‘ದೋಸೆ ಬ್ಯಾಡ, ಗೀಸೆ ಕೊಡು’ ಎಂದರೆ ಅದು ಹಟವಲ್ಲ, ಗೀಸೆ ಎಂಬ ತಿಂಡಿ ಇದೆ ಎಂದು ನಿಜವಾಗಿ ನಂಬಿದೆ. ಆಗ ‘ಗೀಸೆ ಹೆಂಗಿರ್ತೈತೆ?’ ಎಂದು ಕೇಳಿ, ಪೆನ್ಸಿಲ್ ಕೈಗೆ ತಗೊಳ್ಳಿ.

ಎದುರಿಗೆ ತಿದ್ದುವುದು ಬೇಡವೇ ಎಂದು ಹಲವರು ಕೇಳುತ್ತಾರೆ. ‘ಹಂಗನ್ನಬಾರದು, ಕೊಟ್ಟೆ ಅನ್ನು’ ಎಂದು ಹೇಳಿಸಬೇಡಿ. ‘ಓಹೋ, ಅಜ್ಜಿಗೆ ಕೊಟ್ಟೆಯಾ? ಅಜ್ಜಿ ಏನಂದ್ಲು?’ ಎಂದು ಸರಿಯಾದ ರೂಪವನ್ನು ನಿಮ್ಮ ಮಾತಿನೊಳಗೆ ಸೇರಿಸಿ ಮುಂದೆ ಹೋಗಿ. ಮಗುವಿಗೆ ಸರಿ ರೂಪವೂ ಕೇಳಿಸಿತು, ಮಾತೂ ನಿಲ್ಲಲಿಲ್ಲ.

6. ಮಾತು ಬೆಳೆಸುವುದು

ಮಗು ಒಂದು ವಿಚಿತ್ರ ಮಾತು ಹೇಳಿದಾಗ ನಾವು ಹೇಗೆ ಪ್ರತಿಕ್ರಿಯಿಸುತ್ತೇವೆ ಎಂಬುದರ ಮೇಲೆ ಮುಂದಿನ ಹತ್ತು ಮಾತು ಬರುತ್ತವೋ ಇಲ್ಲವೋ ನಿರ್ಧಾರವಾಗುತ್ತದೆ.

ಮೊದಲು ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಮೂರು ವರ್ಷದ ಮಗುವಿಗೆ ಮುಂದಿನ ವಾಕ್ಯ ಕಟ್ಟಲು ಅಷ್ಟು ಸಮಯ ಬೇಕು, ನಾವು ಅದರೊಳಗೇ ಬಾಯಿ ಹಾಕುತ್ತೇವೆ. ಆಮೇಲೆ ‘ಆಮೇಲೆ?’, ‘ಯಾರ್ ಹೇಳಿದ್ರು?’, ‘ಅದು ಎಲ್ಲಿರ್ತೈತೆ?’ ಎಂದು ಕೇಳಿ. ‘ಯಾಕೆ?’ ಎಂಬುದು ಎರಡು ಮೂರು ವರ್ಷದ ಮಗುವಿಗೆ ಕಷ್ಟದ ಪ್ರಶ್ನೆ, ‘ಯಾಕಂದ್ರೆ... ಯಾಕಂದ್ರೆ...’ ಎಂದು ಅಲ್ಲೇ ತೊಡರುತ್ತದೆ. ‘ಇದು ಯಾವ ಬಣ್ಣ? ಇದೇನು ಹೇಳು?’ ಎಂಬ ಪರೀಕ್ಷೆಯ ಪ್ರಶ್ನೆಗಳಿಗೆ ಸಿಗುವುದು ಒಂದು ಪದದ ಉತ್ತರ, ಅಲ್ಲಿಗೆ ಮಾತು ಮುಗಿಯಿತು.

ಜೋರಾಗಿ ನಗುವುದು ಎರಡು ರೀತಿ ಕೆಡಿಸುತ್ತದೆ. ನಾಚುವ ಮಗು ಮುದುಡಿಕೊಳ್ಳುತ್ತದೆ. ನಾಚದ ಮಗು ಅದೇ ಮಾತನ್ನು ನಗಿಸಲೆಂದೇ ಹತ್ತು ಸಲ ಹೇಳುತ್ತದೆ, ಆಮೇಲಿನದ್ದು ಬರೀ ಪ್ರದರ್ಶನ. ಇನ್ನು ನೆಂಟರು ಬಂದಾಗ ‘ಅವತ್ತು ಹೇಳಿದ್ಯಲ್ಲ, ಹೇಳು, ಹೇಳು ಮಾಮಂಗೆ’ ಎಂದು ಒತ್ತಾಯಿಸುವುದನ್ನು ದಯವಿಟ್ಟು ಬಿಟ್ಟುಬಿಡಿ. ಮಗುವಿನ ಪಾಲಿಗೆ ಅದು ತಮಾಷೆಯಾಗಿರಲಿಲ್ಲ, ನಿಜವಾದ ವಿಚಾರವಾಗಿತ್ತು.

ಹೊರಗೆ ಕರೆದೊಯ್ದಾಗ ಮೊದಲ ಮಾತು ಮಗುವಿನದ್ದಾಗಿರಲಿ. ಚಿತ್ರದುರ್ಗದ ಕೋಟೆಯಲ್ಲಿ ಬಂಡೆ ಕಂಡ ಕೂಡಲೇ ‘ನೋಡು, ಆನೆ ತರ ಐತೆ’ ಎಂದು ನಾವೇ ಹೇಳಿಬಿಟ್ಟರೆ ಮಗುವಿಗೆ ಉಳಿದದ್ದೇನು? ಸುಮ್ಮನೆ ನಿಂತುಕೊಳ್ಳಿ. ಅಕ್ಕ-ತಂಗಿ ಹೊಂಡದ ಹತ್ತಿರ ಹೆಸರಷ್ಟೇ ಹೇಳಿ ನಿಲ್ಲಿಸಿ, ಅಕ್ಕ ಯಾವುದು ತಂಗಿ ಯಾವುದು ಎಂದು ಮಗುವೇ ತೀರ್ಮಾನಿಸಲಿ. ಓಬವ್ವನ ಕಿಂಡಿಯ ಕಥೆ ಹೇಳಿ ಆ ಸಂದಿ ತೋರಿಸಿದರೆ ‘ಹೈದರಾಲಿ ಸೈನಿಕರು ಪಾಪುಗಳಾ?’ ಎಂದು ಕೇಳುವ ಮಗು ಸಂದಿಯ ಅಗಲ ಅಳೆದಿದೆ ಎಂದೇ ಅರ್ಥ. ದಾವಣಗೆರೆಯವರಿಗೆ ಕುಂದುವಾಡ ಕೆರೆಯ ಏರಿ ಇದಕ್ಕೆ ಹೇಳಿಮಾಡಿಸಿದ ಜಾಗ. ನಡಿಗೆ ನಿಧಾನ, ಹಕ್ಕಿ ನೀರು ಕಣ್ಣೆದುರು, ಮಾತಿಗೆ ಬರವಿಲ್ಲ.

7. ‘ಅಂತೆ’ ಕೇಳಿದರೆ ಸದ್ದು ಮಾಡಬೇಡಿ

‘ನೀನು ಡಾಕ್ಟರಂತೆ, ನಾನು ಅಮ್ಮ ಅಂತೆ, ಇದಕ್ಕೆ ಜ್ವರ ಬಂದಿತ್ತಂತೆ.’ ಕನ್ನಡದ ಮಕ್ಕಳು ನಟನೆಯ ಆಟ ಆರಂಭಿಸುವುದು ಈ ‘ಅಂತೆ’ಯಿಂದ. ದೊಡ್ಡವರು ಕೇಳಿದ ಸುದ್ದಿಗೆ ಬಳಸುವುದನ್ನು ಮಕ್ಕಳು ಊಹೆಯ ಲೋಕಕ್ಕೆ ಬಾಗಿಲಾಗಿ ಬಳಸುತ್ತಾರೆ. ಪಾತ್ರಧಾರಿಯಾಗಿ ಆಡುವಾಗ ‘ಅಂತೆ’ ಇರುವುದಿಲ್ಲ, ಆಟ ನಿಲ್ಲಿಸಿ ಕಥೆ ಬದಲಿಸುವಾಗ ಮತ್ತೆ ಬರುತ್ತದೆ. ಬರೆಯುವಾಗ ‘ಅಂತೆ’ ಇರುವ ಸಾಲುಗಳಿಗೆ ಅಂಚಿನಲ್ಲಿ ಗೆರೆ ಹಾಕಿ. ಆಟ ಎಲ್ಲಿ ತಿರುವು ಪಡೆಯಿತೆಂದು ಒಂದೇ ನೋಟಕ್ಕೆ ಸಿಗುತ್ತದೆ.

ಮಂಡಕ್ಕಿ ಅಂಗಡಿ ಆಟದಲ್ಲಿ ‘ಎಷ್ಟಾಯ್ತು?’ ‘ನೂರು ಸಾವಿರ ಹತ್ತು.’ ‘ಚಿಲ್ರೆ ಇಲ್ಲ ಕಣಣ್ಣ, ಫೋನ್‌ಪೇ ಮಾಡು’ ಎಂದು ವ್ಯಾಪಾರ ನಡೆಯುತ್ತಿರುವಾಗ ನೀವು ನಡುವೆ ಹೋಗಿ ಲೆಕ್ಕ ತಿದ್ದಬೇಡಿ. ಕರೆದರೆ ಮಾತ್ರ ಸೇರಿಕೊಳ್ಳಿ, ಅದೂ ಕೊಟ್ಟ ಪಾತ್ರದೊಳಗೇ.

ಮಗು ‘ನಾನು ಕೋಟೆ ಮ್ಯಾಲೆ ಹುಲಿ ನೋಡಿದೆ, ಅದು ನಂಗೆ ಟಾಟಾ ಮಾಡ್ತು’ ಎಂದರೆ ಸುಳ್ಳು ಹೇಳುತ್ತಿದೆಯೇ ಎಂದು ಗಾಬರಿಯಾಗುವವರಿದ್ದಾರೆ. ಮೂರು ನಾಲ್ಕರ ವಯಸ್ಸಿನಲ್ಲಿ ಕಂಡದ್ದು, ಕೇಳಿದ್ದು, ಬಯಸಿದ್ದು ಒಂದಕ್ಕೊಂದು ಬೆರೆಯುತ್ತವೆ. ಏಟಿನಿಂದ ತಪ್ಪಿಸಿಕೊಳ್ಳಲು ಹೇಳುವ ಸುಳ್ಳು ಬೇರೆ, ಇದು ಬೇರೆ. ‘ನಿಜ ಹೇಳು’ ಎಂದು ಗದರದೆ ‘ಹುಲಿಗೆ ನೀನೇನಂದೆ?’ ಎಂದು ಕೇಳಿ.

ಆದರೆ ಯಾರೋ ಹೊಡೆದರು, ಮುಟ್ಟಿದರು, ಹೆದರಿಸಿದರು ಎಂಬ ಮಾತು ಬಂದರೆ ಅದನ್ನು ಎಂದಿಗೂ ಕಲ್ಪನೆಯ ಲೆಕ್ಕಕ್ಕೆ ಹಾಕಬೇಡಿ. ಪ್ರಶ್ನೆಗಳಿಂದ ಬಾಯಿ ಬಿಡಿಸಲೂ ಹೋಗಬೇಡಿ. ಹೇಳಿದ್ದನ್ನು ಪದಶಃ ಬರೆದುಕೊಂಡು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

8. ಧ್ವನಿ ಮುದ್ರಣ

ಇಬ್ಬರು ಮಕ್ಕಳ ಮಾತನ್ನು ಕೈಯಲ್ಲಿ ಬರೆದುಕೊಳ್ಳಲಾಗದು, ಆಗ ಫೋನಿನ ರೆಕಾರ್ಡರ್ ಬೇಕು. ವಿಡಿಯೊ ಬೇಡ, ಧ್ವನಿ ಸಾಕು. ಕ್ಯಾಮೆರಾ ಎತ್ತಿದರೆ ಮಗು ಪೋಸು ಕೊಡುತ್ತದೆ, ಇಲ್ಲವೇ ಫೋನ್ ಕಸಿದುಕೊಳ್ಳುತ್ತದೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಕರೆ ಬಂದರೆ ಮುದ್ರಣ ಕಡಿದುಹೋದೀತು. ಮಕ್ಕಳಿಂದ ಒಂದು ಮೀಟರ್ ಒಳಗೆ, ಮಡಿಸಿದ ಟವೆಲ್ ಮೇಲೆ ಇಡಿ. ಬರೀ ಮೇಜಿನ ಮೇಲಿಟ್ಟರೆ ಆಟದ ಸಾಮಾನಿನ ಪ್ರತಿ ತಟ್ಟುವಿಕೆಯೂ ಗುಡುಗಿನಂತೆ ಕೇಳುತ್ತದೆ. ಸೀಲಿಂಗ್ ಫ್ಯಾನ್, ಟಿವಿ, ಮಿಕ್ಸಿ ನಿಲ್ಲಿಸಿ. ನಮ್ಮ ಕಡೆ ಏಪ್ರಿಲ್ ಮೇ ಸೆಕೆಯಲ್ಲಿ ಫ್ಯಾನ್ ಆರಿಸುವುದು ಆಗದ ಮಾತು, ಆಗ ಬೆಳಗಿನ ತಂಪು ಹೊತ್ತನ್ನೇ ಆರಿಸಿಕೊಳ್ಳಿ.

ಹತ್ತು ನಿಮಿಷ ಮೀರಬೇಡಿ. ಹತ್ತು ನಿಮಿಷದ ಇಬ್ಬರ ಮಾತನ್ನು ಕೇಳಿ ಕೇಳಿ ಬರೆಯಲು ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಗಂಟೆಗಟ್ಟಲೆ ಮುದ್ರಿಸಿಕೊಂಡವರು ಒಂದನ್ನೂ ತಿರುಗಿ ಕೇಳುವುದಿಲ್ಲ. ಅದೇ ದಿನ ಕೇಳಿ ಒಳ್ಳೆಯ ಎರಡು ನಿಮಿಷ ಬರೆದು, ಫೈಲಿಗೆ ತಾರೀಖು ವಯಸ್ಸು ಸೇರಿಸಿ ಹೆಸರಿಡಿ. ಪೆನ್‌ಡ್ರೈವಿನಲ್ಲೋ ಕಂಪ್ಯೂಟರಿನಲ್ಲೋ ಇನ್ನೊಂದು ಪ್ರತಿ ಇರಲಿ.

9. ಹಂಚಿಕೊಳ್ಳುವಾಗ

ಮನೆಯವರಿಗೆ ಓದಿ ಹೇಳಿ. ಸ್ಟೇಟಸ್ಸಿಗೆ, ಗ್ರೂಪುಗಳಿಗೆ ಹಾಕುವ ಮುಂಚೆ ಮಗುವಿನ ಹೆಸರು, ಶಾಲೆ, ಬಡಾವಣೆ ತೆಗೆಯಿರಿ. ಬಚ್ಚಲ ಮಾತು, ಅಳುತ್ತ ಆಡಿದ ಮಾತು, ಮನೆಯ ಜಗಳ ಕೇಳಿಸಿಕೊಂಡು ಆಡಿದ ಮಾತು ಪುಸ್ತಕದಿಂದ ಆಚೆ ಹೋಗಬಾರದು. ಅಂಗನವಾಡಿಯಲ್ಲಿ ಅಥವಾ ಪಕ್ಕದ ಮನೆಯ ಮಕ್ಕಳ ಮಾತು ದಾಖಲಿಸುವುದಾದರೆ ಅವರ ಅಪ್ಪ ಅಮ್ಮನನ್ನು ಮೊದಲೇ ಕೇಳಿ. ಮಗುವಿಗೆ ಐದು ತುಂಬಿದ ಮೇಲೆ ಅದನ್ನೂ ಕೇಳಿ, ಬೇಡ ಎಂದರೆ ಬೇಡ.

10. ವೈದ್ಯರನ್ನು ಕಾಣಬೇಕಾದಾಗ

ಮೇಲೆ ಹೇಳಿದ ಉಚ್ಚಾರದ ಬದಲಾವಣೆಗಳು, ವ್ಯಾಕರಣದ ತಪ್ಪುಗಳು ಸಹಜ. ‘ರ’ಕಾರ ಐದಾರು ವರ್ಷಕ್ಕೆ ಸ್ಪಷ್ಟವಾದರೂ ತಡವಲ್ಲ. ಎರಡರಿಂದ ಐದರೊಳಗೆ ಕೆಲಕಾಲ ಪದ ಮರುಕಳಿಸಿ ತೊದಲುವುದೂ ಹಲವು ಮಕ್ಕಳಲ್ಲಿ ಕಾಣುತ್ತದೆ. ಆದರೆ ಒಂದೂವರೆ ವರ್ಷಕ್ಕೂ ಅರ್ಥವುಳ್ಳ ಒಂದು ಪದವಿಲ್ಲ, ಎರಡು ತುಂಬಿದರೂ ‘ಅಪ್ಪ ಬಾ’ ಎಂಬಂತೆ ಎರಡು ಪದ ಜೋಡಿಸುತ್ತಿಲ್ಲ, ಮೂರಾದರೂ ಮನೆಯವರಿಗೇ ಮಾತು ತಿಳಿಯದು, ಕರೆದರೆ ತಿರುಗಿ ನೋಡದು, ತೊದಲು ಆರು ತಿಂಗಳು ಮೀರಿದೆ, ಬರುತ್ತಿದ್ದ ಮಾತು ನಿಂತುಹೋಗಿದೆ – ಇವುಗಳಲ್ಲಿ ಯಾವುದಿದ್ದರೂ ‘ಗಂಡುಮಕ್ಕಳು ತಡವಾಗಿ ಮಾತಾಡ್ತಾರೆ ಬಿಡು’ ಎಂದು ಕಾಯಬೇಡಿ.

ಮೊದಲು ಕಿವಿ ಪರೀಕ್ಷೆ ಆಗಲಿ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗಳಿಗೆ ಬರಬೇಕು, ಅಂಗನವಾಡಿ ಶಿಕ್ಷಕಿಯನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿದರೆ ಯಾವಾಗ ಎಂದು ತಿಳಿಸುತ್ತಾರೆ. ಮುಂದಿನ ಪರೀಕ್ಷೆಗೆ ಜಿಲ್ಲಾ ಆಸ್ಪತ್ರೆ, ಅದಕ್ಕೂ ಮೇಲೆ ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಹೋಗುವಾಗ ನೋಟ್‌ಬುಕ್ ಒಯ್ಯಿರಿ. ಹೊಸ ಜಾಗದಲ್ಲಿ, ಹೊಸ ಮುಖದ ಮುಂದೆ ಮಗು ತುಟಿ ಬಿಚ್ಚದಿರಬಹುದು. ಆಗ ಕಳೆದ ಎರಡು ತಿಂಗಳ ಪುಟಗಳನ್ನು ತೋರಿಸಿದರೆ ಮನೆಯಲ್ಲಿ ಅದು ಹೇಗೆ ಮಾತಾಡುತ್ತದೆ ಎಂದು ತಜ್ಞರಿಗೆ ಗೊತ್ತಾಗುತ್ತದೆ.